ನಿಂತ ಲೇಖನಿ, ನಿತ್ಯದ ಬರಹ

ರಾಜ್ಯೋತ್ಸವದ ದಿನಗಳು ಸಮೀಪಿಸುತ್ತಿದ್ದಂತೆ ಹೊರನಾಡಿನ ಕನ್ನಡ ಸಂಘಗಳಲ್ಲಿ ಒಂದು ದೃಶ್ಯ ವರ್ಷವೂ ತಪ್ಪದೆ ಕಾಣಸಿಗುತ್ತದೆ. ಸ್ಮರಣ ಸಂಚಿಕೆಯ ಸಮಿತಿಯವರು ಸದಸ್ಯರನ್ನು ಕಂಡು ಲೇಖನ ಬೇಡುತ್ತಾರೆ. ಸದಸ್ಯರು ಸಂತೋಷದಿಂದ ಒಪ್ಪಿಕೊಳ್ಳುತ್ತಾರೆ. ವಾರಗಳು ಕಳೆಯುತ್ತವೆ; ಕೊನೆಯ ದಿನಾಂಕ ಒಮ್ಮೆ ಮುಂದಕ್ಕೆ ಹೋಗುತ್ತದೆ, ಮತ್ತೊಮ್ಮೆ ಮುಂದಕ್ಕೆ ಹೋಗುತ್ತದೆ. ಜಾಹೀರಾತುಗಳೆಲ್ಲ ಸಕಾಲಕ್ಕೆ ಬಂದು ಸೇರುತ್ತವೆ, ಬಾರದೆ ಉಳಿಯುವುದು ಲೇಖನಗಳು ಮಾತ್ರ. ಕಾರಣ ಕೇಳಿದರೆ ಬರುವ ಉತ್ತರ ಒಂದೇ: "ಬರೆಯಬೇಕೆಂದು ಕುಳಿತೆ, ಆದರೆ ಏಕೋ ಕೈ ಏಳಲಿಲ್ಲ."

ಇಂಥ ಹಿರಿಯರೊಬ್ಬರ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಅವರು ಮುಂಬಯಿಯ ಡೊಂಬಿವಲಿಯಲ್ಲಿ ನೆಲೆಸಿದ ನಿವೃತ್ತ ಬ್ಯಾಂಕ್ ನೌಕರರು. ಹುಟ್ಟಿದ್ದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಶರಾವತಿ ಕಣಿವೆಯ ಹಳ್ಳಿಯೊಂದರಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಆ ಕಣಿವೆಯ ಅನೇಕ ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದಾಗ ಅವರ ಮನೆ, ಅಡಿಕೆ ತೋಟ, ಶಾಲೆ ಎಲ್ಲವೂ ಮುಳುಗಿದವು. ತೋಟದ ಒಂದೊಂದು ಭಾಗಕ್ಕೂ ಒಂದೊಂದು ಹೆಸರಿತ್ತು. ಗುಡ್ಡಕ್ಕೆ, ಹಳ್ಳಕ್ಕೆ, ಹಾಡ್ಯಕ್ಕೆ ಹೆಸರಿತ್ತು. ಆ ಹೆಸರುಗಳನ್ನು ಬಲ್ಲವರು ಇಂದು ಬೆರಳೆಣಿಕೆಯ ಮಂದಿ. ಅವರ ಮಗ ಕನ್ನಡ ಮಾತನಾಡುತ್ತಾನೆ, ಓದಲಾರ. ಮೊಮ್ಮಗಳು ಕೇಳಿದರೆ ತಿಳಿದುಕೊಳ್ಳುತ್ತಾಳೆ, ಆಡಲಾರಳು. "ನಮ್ಮ ಊರಿನ ಬಗ್ಗೆ ಬರೆದಿಡಬೇಕು" ಎಂದು ಈ ಹಿರಿಯರು ನಿವೃತ್ತಿಯಾದಂದಿನಿಂದ ಹೇಳುತ್ತಿದ್ದಾರೆ. ಹೊಸ ನೋಟುಪುಸ್ತಕ ಕೊಂಡಿದ್ದಾರೆ. ಮೊದಲ ಪುಟದಲ್ಲಿ ಶ್ರೀಕಾರ ಬರೆದಿದ್ದಾರೆ. ಅದರ ಕೆಳಗೆ ಇಂದಿಗೂ ಏನೂ ಇಲ್ಲ.

ಇದನ್ನು ಆಲಸ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ನಲವತ್ತು ವರ್ಷ ಒಂದು ದಿನವೂ ತಡವಾಗದೆ ಲೋಕಲ್ ರೈಲು ಹಿಡಿದವರನ್ನು ಆಲಸಿಗಳೆನ್ನುವುದು ನ್ಯಾಯವಲ್ಲ. ಪ್ರತಿಭೆಯ ಕೊರತೆ ಎನ್ನುವುದೂ ಸರಿಯಲ್ಲ. ಊರಿನ ಮಾತು ಬಂದರೆ ಗಂಟೆಗಟ್ಟಲೆ ಸೊಗಸಾಗಿ ಮಾತನಾಡುವವರು ಅವರು. ತೊಡಕು ಬೇರೆಲ್ಲೋ ಇದೆ. ಅದಕ್ಕೆ ಪರಿಹಾರವೂ ಇದೆ.

ಕಾಗದಗಳ ಕಾಲ

ವಿಚಿತ್ರವೆಂದರೆ, ಇದೇ ಹಿರಿಯರು ಒಂದು ಕಾಲದಲ್ಲಿ ಪ್ರತಿ ವಾರವೂ ತಪ್ಪದೆ ಬರೆಯುತ್ತಿದ್ದವರು. ಮುಂಬಯಿಗೆ ಬಂದ ಮೊದಲ ಇಪ್ಪತ್ತು ವರ್ಷ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ತಾಯಿಗೊಂದು ಇನ್‌ಲ್ಯಾಂಡ್ ಕಾಗದ ಬರೆಯುವುದು ಅವರ ಪದ್ಧತಿಯಾಗಿತ್ತು. ಊರಿನಲ್ಲಿ ತಂಗಿ ಅದನ್ನು ಓದಿ ಹೇಳುತ್ತಿದ್ದಳು. ಆ ಕಾಗದಗಳಲ್ಲಿ ಚಾಳಿನ ನೆರೆಹೊರೆಯವರ ಸ್ವಭಾವಚಿತ್ರಗಳಿದ್ದವು, ಮಳೆಗಾಲದ ವರ್ಣನೆಗಳಿದ್ದವು, ಕಚೇರಿಯ ಹಾಸ್ಯಪ್ರಸಂಗಗಳಿದ್ದವು. ಕೈ ಏಳಲಿಲ್ಲವೆಂಬ ದೂರು ಅವರಿಂದ ಒಂದು ಭಾನುವಾರವೂ ಬರಲಿಲ್ಲ. ಪುಣೆ, ಮದರಾಸು, ಹೈದರಾಬಾದು, ದಿಲ್ಲಿಗಳಲ್ಲಿ ಅಂದು ನೆಲೆಸಿದ್ದ ಸಾವಿರಾರು ಕನ್ನಡಿಗರ ಅನುಭವವೂ ಇದೇ.

ಕಾಗದಕ್ಕೆ ಇದ್ದ ಅನುಕೂಲಗಳನ್ನು ಎಣಿಸಿ ನೋಡಿದರೆ ಕಾರಣ ತಿಳಿಯುತ್ತದೆ. ಮೊದಲನೆಯದಾಗಿ, ಓದುವವರು ಯಾರೆಂಬುದು ನಿಶ್ಚಿತವಾಗಿತ್ತು. ತಾಯಿಗೆ ಬರೆಯುವಾಗ ವಿದ್ವಾಂಸರು ಏನೆಂದಾರೋ ಎಂಬ ಅಂಜಿಕೆಗೆ ಎಡೆಯಿರಲಿಲ್ಲ. ಎರಡನೆಯದಾಗಿ, ಮೊದಲ ವಾಕ್ಯ ಸಿದ್ಧವಾಗಿತ್ತು. "ಮಾತೃಶ್ರೀಯವರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರಗಳು, ಉಭಯಕುಶಲೋಪರಿ ಸಾಂಪ್ರತ" ಎಂದು ಬರೆಯುವಷ್ಟರಲ್ಲಿ ಲೇಖನಿ ಚಲಿಸತೊಡಗಿ, ಮುಂದಿನ ಮಾತು ತಾನಾಗಿ ಬರುತ್ತಿತ್ತು. ಮೂರನೆಯದಾಗಿ, ಅಳತೆ ಗೊತ್ತಿತ್ತು. ಇನ್‌ಲ್ಯಾಂಡಿನ ಮಡಿಕೆಗಳು ತುಂಬಿದರೆ ಕಾಗದ ಮುಗಿಯಿತು. ಮರೆತದ್ದನ್ನು ಅಂಚಿನಲ್ಲಿ ಸಣ್ಣಕ್ಷರದಲ್ಲಿ ತುರುಕಬಹುದಿತ್ತು. ನಾಲ್ಕನೆಯದಾಗಿ, ವೇಳೆ ಗೊತ್ತಿತ್ತು. ಭಾನುವಾರ ಮಧ್ಯಾಹ್ನ ಬಂದರೆ ಬರೆಯುವುದು; ಮನಸ್ಸಿದೆಯೇ ಇಲ್ಲವೇ ಎಂಬ ಪ್ರಶ್ನೆ ಏಳುತ್ತಿರಲಿಲ್ಲ.

ಎಸ್.ಟಿ.ಡಿ. ಬೂತುಗಳು ಬೀದಿಬೀದಿಗೂ ಬಂದವು, ಅನಂತರ ಮೊಬೈಲ್ ಬಂತು. ತಾಯಿಯ ಧ್ವನಿಯನ್ನೇ ಕೇಳುವಂತಾದದ್ದು ದೊಡ್ಡ ಭಾಗ್ಯವೇ ಸರಿ. ಆದರೆ ಕಾಗದದೊಡನೆ ಈ ನಾಲ್ಕು ಆಸರೆಗಳೂ ಹೋದವು. ಇಂದು ಆ ಹಿರಿಯರು "ಲೇಖನ" ಬರೆಯಲು ಕುಳಿತಾಗ ಓದುಗನಾರೆಂದು ತಿಳಿಯದು, ಮೊದಲ ಮಾತು ತೋಚದು, ಎಷ್ಟು ಬರೆಯಬೇಕೆಂಬುದಕ್ಕೆ ಮಿತಿಯಿಲ್ಲ, ಯಾವಾಗ ಎಂಬುದಕ್ಕೆ ನಿಯಮವಿಲ್ಲ. ಕಳೆದುಹೋದದ್ದು ಶಕ್ತಿಯಲ್ಲ, ಆ ಶಕ್ತಿಗೆ ಆಧಾರವಾಗಿದ್ದ ಕಟ್ಟುಪಾಡು. ಅದನ್ನು ಮತ್ತೆ ಕಟ್ಟಿಕೊಳ್ಳುವುದು ಸಾಧ್ಯ.

ರೋಗದ ಹೆಸರು

ಬರೆಯಬೇಕೆಂಬ ಇಚ್ಛೆ, ಬರೆಯಬಲ್ಲ ಸಾಮರ್ಥ್ಯ ಎರಡೂ ಇದ್ದು ಬರಹ ಮಾತ್ರ ಹೊರಬಾರದ ಈ ಸ್ಥಿತಿಗೆ ಪಾಶ್ಚಾತ್ಯರು "ರೈಟರ್ಸ್ ಬ್ಲಾಕ್" ಎನ್ನುತ್ತಾರೆ. ಕನ್ನಡದಲ್ಲಿ ಬರಹದ ತಡೆ ಎನ್ನಬಹುದು. ಈ ಹೆಸರನ್ನು 1940ರ ದಶಕದಲ್ಲಿ ರೂಢಿಗೆ ತಂದವರು ಆಸ್ಟ್ರಿಯಾದಿಂದ ಅಮೆರಿಕೆಗೆ ಹೋಗಿ ನೆಲೆಸಿದ್ದ ಮನೋವಿಶ್ಲೇಷಕ ಎಡ್ಮಂಡ್ ಬರ್ಗ್ಲರ್. ಶೈಶವದ ಅನುಭವಗಳಲ್ಲಿ ಈ ತಡೆಯ ಬೇರಿದೆಯೆಂದು ಅವರು ವಾದಿಸಿದರು. ಅವರಿಟ್ಟ ಹೆಸರು ಉಳಿಯಿತು. ಅವರ ವಾದವನ್ನು ಮುಂದಿನವರು ಅಷ್ಟಾಗಿ ಒಪ್ಪಲಿಲ್ಲ. ಇದು ವೈದ್ಯಗ್ರಂಥಗಳ ಪಟ್ಟಿಯಲ್ಲಿ ಸೇರಿದ ರೋಗವಲ್ಲ. ಇದಕ್ಕೆ ಗುಳಿಗೆಯಿಲ್ಲ, ಚುಚ್ಚುಮದ್ದಿಲ್ಲ. ಆದರೂ ನಮ್ಮ ವೈದ್ಯಪದ್ಧತಿಯ ಕ್ರಮದಂತೆ ನಿದಾನ, ಚಿಕಿತ್ಸೆ, ಪಥ್ಯ ಎಂದು ವಿಂಗಡಿಸಿ ವಿಚಾರ ಮಾಡಿದರೆ ವಿಷಯ ತಿಳಿಯಾಗುತ್ತದೆ.

ನಿದಾನ

ತಡೆಗೆ ಪ್ರಧಾನ ಕಾರಣ, ಎರಡು ಕೆಲಸಗಳನ್ನು ಒಟ್ಟಿಗೆ ಮಾಡಹೊರಡುವುದು. ಬರೆಯುವುದು ಒಂದು ಕೆಲಸ, ಬರೆದದ್ದನ್ನು ತೂಗಿ ನೋಡುವುದು ಇನ್ನೊಂದು. ಬೀಜ ಬಿತ್ತುವುದೂ ಕಳೆ ಕೀಳುವುದೂ ಒಂದೇ ಹೊಲದ ಕೆಲಸಗಳಾದರೂ ಒಂದೇ ದಿನದ ಕೆಲಸಗಳಲ್ಲ. ಬಿತ್ತಿದ ಗಳಿಗೆಯಲ್ಲೇ ಮಣ್ಣು ಕೆದಕಿ ನೋಡುವವನ ಹೊಲದಲ್ಲಿ ಮೊಳಕೆ ಕಾಣಿಸದು.

1980ರಲ್ಲಿ ಅಮೆರಿಕೆಯ ಶಿಕ್ಷಣತಜ್ಞ ಮೈಕ್ ರೋಸ್ ಹತ್ತು ಮಂದಿ ಕಾಲೇಜು ವಿದ್ಯಾರ್ಥಿಗಳನ್ನು ಕುರಿತ ಅಧ್ಯಯನವೊಂದನ್ನು ಪ್ರಕಟಿಸಿದರು. ಅವರಲ್ಲಿ ಐವರು ಬರೆಯಲು ಕುಳಿತರೆ ತಡವರಿಸುವವರು, ಉಳಿದ ಐವರು ಸರಾಗವಾಗಿ ಬರೆಯುವವರು. ಎರಡು ಗುಂಪಿನವರೂ ಬುದ್ಧಿವಂತರೇ. ವ್ಯತ್ಯಾಸವಿದ್ದದ್ದು ಅವರು ಪಾಲಿಸುತ್ತಿದ್ದ ನಿಯಮಗಳಲ್ಲಿ. ತಡವರಿಸುವವರು ಎಲ್ಲಿಯೋ ಕಲಿತ ನಿಯಮಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಪ್ರತಿ ವಾಕ್ಯವನ್ನೂ ಬರೆಯುವಾಗಲೇ ದೋಷರಹಿತವಾಗಿ ತಿದ್ದಿ ಮುಗಿಸಬೇಕು ಎಂಬುದು ಒಬ್ಬರ ಕಟ್ಟಳೆ. ಮೊದಲು ಸಂಪೂರ್ಣ ನಕ್ಷೆ ಸಿದ್ಧವಾಗಬೇಕು ಎಂಬುದು ಇನ್ನೊಬ್ಬರದು. ಸರಾಗವಾಗಿ ಬರೆಯುವವರಿಗೂ ನಿಯಮಗಳಿದ್ದವು. ಆದರೆ ಅವು ಕೆಲಸಕ್ಕೆ ಬಾರದಿದ್ದಾಗ ಅವರು ಅವನ್ನು ಸಲೀಸಾಗಿ ಬದಿಗಿಡುತ್ತಿದ್ದರು.

ಹೊರನಾಡಿನ ಕನ್ನಡಿಗನ ಒಳಗೆ ಕುಳಿತ ಪರೀಕ್ಷಕ ಇನ್ನೂ ಕಠಿಣನು. "ನನ್ನ ಕನ್ನಡ ಕಲಬೆರಕೆಯಾಗಿದೆ, ನಡುನಡುವೆ ಹಿಂದಿ ಮರಾಠಿ ನುಸುಳುತ್ತವೆ" ಎಂಬ ಸಂಕೋಚ ಒಬ್ಬರಿಗೆ. ಅಲ್ಪಪ್ರಾಣ ಮಹಾಪ್ರಾಣಗಳು ತಪ್ಪಿದರೆ ನಗೆಪಾಟಲಾದೀತೆಂಬ ಹೆದರಿಕೆ ಇನ್ನೊಬ್ಬರಿಗೆ. ತಮ್ಮ ಜಿಲ್ಲೆಯ ಮಾತು ಮನೆಗೆ ಸಾಕು, ಅಚ್ಚಿಗೆ ಯೋಗ್ಯವಲ್ಲವೆಂಬ ಭಾವನೆ ಮತ್ತೊಬ್ಬರಿಗೆ. ಈ ಕೊನೆಯ ಸಂಕೋಚಕ್ಕೆ ಕನ್ನಡ ಸಾಹಿತ್ಯವೇ ಉತ್ತರ ಕೊಟ್ಟಿದೆ. ಧಾರವಾಡದ ಆಡುಮಾತನ್ನು ಬೇಂದ್ರೆಯವರು ಕಾವ್ಯದ ಎತ್ತರಕ್ಕೆ ಒಯ್ದರು. ದೇವನೂರ ಮಹಾದೇವ ಅವರು ತಮ್ಮ ಸೀಮೆಯ ನುಡಿಯಲ್ಲೇ ಬರೆದ "ಕುಸುಮಬಾಲೆ"ಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಮನೆಯ ಮಾತು ಕೀಳಲ್ಲ. ಊರಿನ ನೆನಪನ್ನು ಬರೆಯುವವರಿಗಂತೂ ಅದು ಅತ್ಯಗತ್ಯ. ತೋಟದ ಹೆಸರುಗಳಿಗೆ ಗ್ರಾಂಥಿಕ ರೂಪವಾದರೂ ಎಲ್ಲಿದೆ?

ಟಪಾಲು ಇಲಾಖೆಯ ಕಾದಂಬರಿಕಾರ

ದುಡಿಮೆಯ ನಡುವೆ ಬರೆಯುವವರಿಗೆ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರೊಲೊಪ್ ಅವರ ಜೀವನ ಉತ್ತಮ ನಿದರ್ಶನ. ಅವರು 1834ರಲ್ಲಿ ಲಂಡನ್ನಿನ ಅಂಚೆ ಇಲಾಖೆಗೆ ಗುಮಾಸ್ತರಾಗಿ ಸೇರಿ, 1867ರಲ್ಲಿ ಹಿರಿಯ ಅಧಿಕಾರಿಯಾಗಿ ಹೊರಬಂದರು. ಬ್ರಿಟನ್ನಿನ ಚಾನೆಲ್ ದ್ವೀಪಗಳಲ್ಲಿ ರಸ್ತೆಬದಿಗೆ ಟಪಾಲು ಪೆಟ್ಟಿಗೆಗಳನ್ನು ನಿಲ್ಲಿಸಬೇಕೆಂದು ಸೂಚಿಸಿದವರೂ ಅವರೇ. 1852ರಲ್ಲಿ ಅದು ಜಾರಿಗೆ ಬಂತು. ಈ ಸರಕಾರಿ ನೌಕರ ತಮ್ಮ ಜೀವಿತದಲ್ಲಿ 47 ಕಾದಂಬರಿಗಳನ್ನು ಬರೆದರು.

ಅವರ ಪದ್ಧತಿಯಲ್ಲಿ ಗುಟ್ಟೇನೂ ಇರಲಿಲ್ಲ. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕೂಡುವುದು. ತಮ್ಮನ್ನು ಎಬ್ಬಿಸಿ ಕಾಫಿ ಕೊಡುವ ಮುದಿ ಸೇವಕನಿಗೆ ಅದಕ್ಕಾಗಿಯೇ ವರ್ಷಕ್ಕೆ ಐದು ಪೌಂಡು ಹೆಚ್ಚಿಗೆ ಕೊಡುವುದು. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದಿಕೊಳ್ಳುವುದು. ಬಳಿಕ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಶಬ್ದಗಳಂತೆ ಬರೆಯುವುದು. ಎಷ್ಟು ಪುಟವಾಯಿತೆಂದು ಪ್ರತಿದಿನ ಪುಸ್ತಕದಲ್ಲಿ ಲೆಕ್ಕ ಬರೆದಿಡುವುದು. ಕಚೇರಿಯ ಕೆಲಸಕ್ಕಾಗಿ ಸದಾ ರೈಲಿನಲ್ಲಿ ಓಡಾಡಬೇಕಾಗಿದ್ದುದರಿಂದ ಮಡಿಲಲ್ಲಿ ಹಲಗೆಯಿಟ್ಟುಕೊಂಡು ಪೆನ್ಸಿಲಿನಲ್ಲಿ ಬರೆಯುವುದನ್ನೂ ಅವರು ಅಭ್ಯಾಸ ಮಾಡಿಕೊಂಡರು. ಅವರ ಪ್ರಖ್ಯಾತ ಕಾದಂಬರಿ "ಬಾರ್ಚೆಸ್ಟರ್ ಟವರ್ಸ್" ಬಹುಮಟ್ಟಿಗೆ ರೈಲಿನಲ್ಲಿ ರಚಿತವಾದುದು. ಅವರು ತೀರಿಕೊಂಡ ಮರುವರ್ಷ, 1883ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಈ ವಿವರಗಳನ್ನು ಓದಿದ ಕೆಲವರು, ಇದು ಕಲೆಯಲ್ಲ ಕಾರಕೂನಿಕೆ ಎಂದು ಮೂಗು ಮುರಿದರು. ಆ ಕಾದಂಬರಿಗಳನ್ನು ಜನ ಇಂದಿಗೂ ಓದುತ್ತಿದ್ದಾರೆ.

ನಮ್ಮಲ್ಲಿಯೂ ಇಂಥ ಉದಾಹರಣೆಗಳಿಗೆ ಕೊರತೆಯಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಂಸ್ಥಾನದ ಆಡಳಿತದ ಹೊಣೆಗಳ ನಡುವೆಯೇ ಸಣ್ಣಕಥೆಗಳನ್ನು ಬರೆದರು. ಅವರ ಮೊದಲ ಕಥಾಸಂಕಲನ 1920ರಲ್ಲಿ ಹೊರಬಂತು. ಮುಂಬಯಿ ಕನ್ನಡಿಗರಿಗೆ ಯಶವಂತ ಚಿತ್ತಾಲರ ಹೆಸರನ್ನು ನೆನಪಿಸಬೇಕಾದುದಿಲ್ಲ. ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದು, ರಾಸಾಯನಿಕ ತಂತ್ರಜ್ಞರಾಗಿ ಕಾರ್ಖಾನೆಯ ಜಗತ್ತಿನಲ್ಲಿ ದುಡಿಯುತ್ತಲೇ ಅವರು "ಶಿಕಾರಿ"ಯಂಥ ಕಾದಂಬರಿಯನ್ನು 1979ರಲ್ಲಿ ಕೊಟ್ಟರು. ಗೋಕರ್ಣದ ಜಯಂತ ಕಾಯ್ಕಿಣಿಯವರೂ ಮುಂಬಯಿಯಲ್ಲಿ ಔಷಧ ತಯಾರಿಕೆಯ ಉದ್ಯೋಗದಲ್ಲಿದ್ದುಕೊಂಡೇ ಆ ನಗರದ ಕಥೆಗಳನ್ನು ಬರೆದರು. ಎಲ್ಲರೂ ಚಿತ್ತಾಲರಾಗಲಾರರು, ಆಗಬೇಕಾದುದೂ ಇಲ್ಲ. ಆದರೆ ಉದ್ಯೋಗ ಮತ್ತು ಮಹಾನಗರ ಬರಹಕ್ಕೆ ಶತ್ರುಗಳೆಂಬ ಮಾತು ನಿಲ್ಲುವುದಿಲ್ಲ.

ಸ್ಫೂರ್ತಿಗಾಗಿ ಕಾಯಬೇಕೇ?

"ಮನಸ್ಸು ಬಂದಾಗ ಬರೆದರೇ ಚೆನ್ನ, ಬಲವಂತದ ಬರಹದಲ್ಲಿ ಜೀವವಿರುವುದಿಲ್ಲ" ಎಂಬ ನಂಬಿಕೆ ವ್ಯಾಪಕವಾಗಿದೆ. ಅಮೆರಿಕೆಯ ಮನೋವಿಜ್ಞಾನಿ ರಾಬರ್ಟ್ ಬಾಯ್ಸ್ ಇದನ್ನು ಪರೀಕ್ಷೆಗೊಡ್ಡಿ 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರಹದ ತಡೆಯಿಂದ ತೊಂದರೆಪಡುತ್ತಿದ್ದ 27 ಮಂದಿ ಅಧ್ಯಾಪಕರನ್ನು ಅವರು ಮೂರು ಗುಂಪುಗಳಾಗಿ ವಿಂಗಡಿಸಿದರು. ಅನಿವಾರ್ಯವಾದುದರ ಹೊರತು ಏನನ್ನೂ ಬರೆಯಬಾರದೆಂದು ಮೊದಲ ಗುಂಪಿಗೆ ಹೇಳಲಾಯಿತು. ಎರಡನೆಯ ಗುಂಪಿನವರು ಮನಸ್ಸಾದಾಗ ಬರೆಯಬಹುದಿತ್ತು. ಮೂರನೆಯ ಗುಂಪಿನವರು ಮನಸ್ಸಿರಲಿ ಬಿಡಲಿ ಗೊತ್ತುಪಡಿಸಿದಷ್ಟು ಬರೆಯಲೇಬೇಕಿತ್ತು. ತಪ್ಪಿದರೆ ಅವರಿಗೆ ಸ್ವಲ್ಪವೂ ಹಿಡಿಸದ ಸಂಸ್ಥೆಯೊಂದಕ್ಕೆ ಅವರ ಹಣ ದೇಣಿಗೆಯಾಗಿ ಹೋಗುತ್ತಿತ್ತು.

ನಿಯಮದಂತೆ ಬರೆದವರು ಹೆಚ್ಚು ಪುಟಗಳನ್ನು ಬರೆದದ್ದು ಆಶ್ಚರ್ಯವಲ್ಲ. ಗಮನಾರ್ಹವಾದುದು ಇನ್ನೊಂದು: ಹೊಸ ಆಲೋಚನೆಗಳು ಹೊಳೆದದ್ದೂ ಅವರಿಗೇ ಹೆಚ್ಚು. ಅವರಿಗೆ ಸುಮಾರು ದಿನಕ್ಕೊಂದರಂತೆ ಹೊಸ ವಿಚಾರ ಹೊಳೆದರೆ, ಮನಸ್ಸು ಬಂದಾಗ ಬರೆದವರಿಗೆ ಎರಡು ದಿನಕ್ಕೊಂದು, ಬರೆಯದೆ ಇದ್ದವರಿಗೆ ಐದು ದಿನಕ್ಕೊಂದು. ಇದು ಸಣ್ಣ ಪ್ರಯೋಗ, ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಬೇಕಿಲ್ಲ. ಆದರೂ ಅದು ತೋರಿಸಿಕೊಟ್ಟದ್ದು ನಮ್ಮ ಹಿರಿಯರ ಅನುಭವಕ್ಕೆ ಹೊಂದುತ್ತದೆ: ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ. ಸ್ಫೂರ್ತಿ ಬಂದ ಮೇಲೆ ಬರೆಯುವುದಕ್ಕಿಂತ, ಬರೆಯುತ್ತ ಹೋದರೆ ಸ್ಫೂರ್ತಿ ಬರುವುದೇ ಹೆಚ್ಚು.

ಚಿಕಿತ್ಸಾಕ್ರಮ

ಕಾಗದಕ್ಕಿದ್ದ ನಾಲ್ಕು ಆಸರೆಗಳನ್ನು ಮತ್ತೆ ಒದಗಿಸಿಕೊಳ್ಳುವುದೇ ಚಿಕಿತ್ಸೆ.

ಓದುಗರನ್ನು ಗೊತ್ತುಮಾಡಿಕೊಳ್ಳಬೇಕು. "ಕನ್ನಡ ಜನತೆ"ಗಾಗಿ ಬರೆಯುವುದು ಕಷ್ಟ. ಮೊಮ್ಮಗಳಿಗೆ, ತಂಗಿಗೆ, ಬಾಲ್ಯದ ಗೆಳೆಯನಿಗೆ ಬರೆಯುವುದು ಸುಲಭ. ಲೇಖನವಾಗಬೇಕಾದ ವಿಷಯವನ್ನು ಮೊದಲು ಕಾಗದವಾಗಿ ಬರೆಯಬಹುದು. ಸಂಬೋಧನೆಯನ್ನೂ ಕ್ಷೇಮಸಮಾಚಾರವನ್ನೂ ಕೊನೆಯಲ್ಲಿ ತೆಗೆದುಹಾಕಿದರೆ ಉಳಿಯುವುದೇ ಲೇಖನ.

ಮೊದಲ ವಾಕ್ಯವನ್ನು ಸಿದ್ಧವಾಗಿಟ್ಟುಕೊಳ್ಳಬೇಕು. "ಈ ಹೊತ್ತು ನೆನಪಾದದ್ದು" ಎಂದೋ, "ಆ ಕಾಲದಲ್ಲಿ ನಮ್ಮ ಮನೆಯಲ್ಲಿ" ಎಂದೋ ದಿನವೂ ಒಂದೇ ಮಾತಿನಿಂದ ಆರಂಭಿಸಿದರೆ ತಪ್ಪಿಲ್ಲ. ಅದೂ ತೋಚದಿದ್ದರೆ ಪಟ್ಟಿ ಮಾಡಬಹುದು: ಮನೆಯಲ್ಲಿದ್ದ ಪಾತ್ರೆಗಳ ಪಟ್ಟಿ, ಶಾಲೆಯ ಮೇಷ್ಟರುಗಳ ಪಟ್ಟಿ, ಹಬ್ಬದ ಅಡಿಗೆಗಳ ಪಟ್ಟಿ. ಪಟ್ಟಿ ಬರೆಯಲು ಯಾರೂ ಅಂಜುವುದಿಲ್ಲ. ಮೂರನೆಯ ಹೆಸರಿಗೆ ಬರುವಷ್ಟರಲ್ಲಿ ಅದರ ಹಿಂದಿನ ಕಥೆ ನೆನಪಾಗಿ ಕೈ ತಾನಾಗಿ ಓಡುತ್ತದೆ. ಊರಿನ ಅಡಿಗೆಯನ್ನು ಕಣ್ಣಳತೆಯಲ್ಲೇ ಬಲ್ಲ ಗೃಹಿಣಿಯರು ಅದನ್ನು ಬರೆದಿಡಲು ಹೊರಟರೆ ಸಾಮಾನುಗಳ ಹೆಸರಿನೊಡನೆ ಅಜ್ಜಿಯ ಕೈಯೂ ಒಲೆಯ ಮೂಲೆಯೂ ಬರಹದೊಳಗೆ ಬರುವುದು ಸಹಜ.

ಅಳತೆ ಸಣ್ಣದಿರಬೇಕು. ದಿನಕ್ಕೆ ಹತ್ತು ನಿಮಿಷ ಅಥವಾ ಅರ್ಧ ಪುಟ, ಆರಂಭಕ್ಕೆ ಇದಕ್ಕಿಂತ ಹೆಚ್ಚು ಬೇಡ. ಅಮೆರಿಕೆಯ ಪ್ರಾಧ್ಯಾಪಕ ಪೀಟರ್ ಎಲ್ಬೊ 1973ರ ತಮ್ಮ ಪುಸ್ತಕದಲ್ಲಿ ಸೂಚಿಸಿದ ಅಭ್ಯಾಸ ಇದೇ ಬಗೆಯದು. ಹತ್ತು ನಿಮಿಷ ಕೈ ನಿಲ್ಲಿಸದೆ ಬರೆಯಬೇಕು. ಹಿಂದೆ ತಿರುಗಿ ನೋಡಬಾರದು, ಹೊಡೆದುಹಾಕಬಾರದು, ಶಬ್ದಕ್ಕಾಗಿ ತಡಕಾಡಬಾರದು. ಕನ್ನಡ ಶಬ್ದ ಹೊಳೆಯದಿದ್ದರೆ ಹಿಂದಿಯದನ್ನೋ ಮರಾಠಿಯದನ್ನೋ ಬರೆದು ಮುಂದೆ ಸಾಗಬೇಕು. ಕಾಗುಣಿತವನ್ನು ತಿದ್ದಲು ಬೇರೊಂದು ದಿನವಿದೆ.

ವೇಳೆ ಮತ್ತು ಜಾಗ ನಿಶ್ಚಿತವಾಗಿರಬೇಕು. ಮಹಾನಗರದ ಸಣ್ಣ ಮನೆಗಳಲ್ಲಿ ಬರೆಯಲು ಪ್ರತ್ಯೇಕ ಕೋಣೆ ಎಲ್ಲರಿಗೂ ದೊರೆಯದು. ಬೆಳಗಿನ ಕಾಫಿಯ ನಂತರ ಊಟದ ಮೇಜಿನ ಒಂದು ಮೂಲೆ ಸಾಕು. ಈಗಾಗಲೇ ದಿನವೂ ನಡೆಯುವ ಒಂದು ಕೆಲಸದ ಬೆನ್ನಿಗೆ ಬರಹವನ್ನು ಕಟ್ಟಿಬಿಟ್ಟರೆ ಅದನ್ನು ಬೇರೆಯಾಗಿ ನೆನಪಿಡಬೇಕಾಗಿಲ್ಲ. ರೈಲಿನಲ್ಲಿ ಕೂಡಲು ಸ್ಥಳ ಸಿಕ್ಕವರು ಟ್ರೊಲೊಪ್ ಅವರ ದಾರಿಯನ್ನೇ ಹಿಡಿಯಬಹುದು. ನೋಟುಪುಸ್ತಕವಾದರೂ ಸರಿ, ಮೊಬೈಲಿನ ಕನ್ನಡ ಕೀಲಿಮಣೆಯಾದರೂ ಸರಿ. ಆದರೆ ಮೊಬೈಲಿನಲ್ಲಿ ಬರೆಯುವವರು ಆ ಹತ್ತು ನಿಮಿಷ ಅದರ ಬೇರೆ ಕರೆಗಳಿಗೆಲ್ಲ ಕಿವುಡರಾಗಬೇಕು. ಬೆರಳು ನಡುಗುವ ವೃದ್ಧರು ಮಾತನಾಡಿದರೆ ಅಕ್ಷರವಾಗಿ ಮೂಡಿಸುವ ಸೌಲಭ್ಯವನ್ನು ಬಳಸಿಕೊಳ್ಳಬಹುದು. ಕನ್ನಡಕ್ಕೂ ಅದು ಈಗ ಲಭ್ಯ.

ಇನ್ನು ಪಥ್ಯ. ಬರೆದ ದಿನವೇ ತಿದ್ದಬಾರದು. ತಿದ್ದುಪಡಿಗೆ ವಾರದಲ್ಲಿ ಒಂದು ದಿನವನ್ನು ಮೀಸಲಿಡಬೇಕು. ಎಲ್ಲವನ್ನೂ ಬರೆದು ಬರಿದಾಗುವವರೆಗೆ ಕೂಡಬಾರದು. ಮುಂದಿನ ಮಾತು ತಿಳಿದಿರುವಾಗಲೇ ನಿಲ್ಲಿಸಿದರೆ ಮರುದಿನ ಆರಂಭಿಸಲು ತೊಡಕಾಗದು. ಹೆಮಿಂಗ್ವೇ ಹೊಸಬರಿಗೆ ಕೊಟ್ಟ ಸಲಹೆಯೂ ಇದೇ. ಆರಂಭದ ದಿನಗಳ ಬರಹವನ್ನು ಕಟುವಾಗಿ ವಿಮರ್ಶಿಸುವವರ ಕೈಗೆ ಕೊಡಬಾರದು.

ಅಭ್ಯಾಸ ಬೇರೂರುವ ಅವಧಿ

ಮೂರು ವಾರದಲ್ಲಿ ಯಾವ ಅಭ್ಯಾಸವಾದರೂ ಬೇರೂರುತ್ತದೆ ಎಂಬ ಮಾತು ಪ್ರಚಾರದಲ್ಲಿದೆ. ಇಪ್ಪತ್ತೆರಡನೆಯ ದಿನವೂ ಬರೆಯುವುದು ಕಷ್ಟವೆನಿಸಿದಾಗ, ತಮ್ಮಲ್ಲೇ ಏನೋ ದೋಷವಿದೆಯೆಂದು ಭಾವಿಸಿ ಬಿಟ್ಟುಬಿಡುವವರುಂಟು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಲೆಕ್ಕದಂತೆ, ದಿನದ ಸಣ್ಣ ಕೆಲಸವೊಂದು ಯೋಚನೆಯಿಲ್ಲದೆ ನಡೆಯುವಂತಾಗಲು ಹಿಡಿಯುವ ಕಾಲ 18 ದಿನಗಳಿಂದ 254 ದಿನಗಳವರೆಗೆ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ. ಮಧ್ಯದ ಅಂಕಿ 66 ದಿನ. ಅದೇ ಅಧ್ಯಯನದಲ್ಲಿ ಕಂಡುಬಂದ ಇನ್ನೊಂದು ಸಂಗತಿ ಧೈರ್ಯ ಕೊಡುವಂಥದು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಭಂಗವಾಗುವುದಿಲ್ಲ. ನೆಂಟರು ಬಂದಿದ್ದರು, ಜ್ವರ ಬಂದಿತ್ತು ಎಂದು ಒಂದು ದಿನ ಬಿಟ್ಟವರು ಮರುದಿನ ಕುಳಿತರೆ ಸಾಕು.

ಬರಹ ಮತ್ತು ಆರೋಗ್ಯ

ಬರಹ ಆರೋಗ್ಯಕ್ಕೂ ಹಿತವೇ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು ಕೇಳಿದ್ದಾರೆ. 1986ರಲ್ಲಿ ಅಮೆರಿಕೆಯ ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ ಪ್ರಕಟಿಸಿದ ಪ್ರಯೋಗದಲ್ಲಿ 46 ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಕೆಲವರು ಸಾಧಾರಣ ವಿಷಯ ಬರೆದರೆ, ಕೆಲವರು ತಮ್ಮ ಬಾಳಿನ ನೋವಿನ ಘಟನೆಯನ್ನು ಬರೆದರು. ನೋವಿನ ಘಟನೆಯನ್ನೂ ಅದರ ಭಾವನೆಗಳನ್ನೂ ಬರೆದವರಿಗೆ ಬರೆದ ಕೂಡಲೇ ಮನಸ್ಸು ಭಾರವಾಯಿತು; ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯಕೇಂದ್ರಕ್ಕೆ ಹೋದದ್ದು ಇತರರಿಗಿಂತ ಕಡಿಮೆ. ಅನಂತರ ಇಂಥ ಅನೇಕ ಪ್ರಯೋಗಗಳು ನಡೆದವು. 146 ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ನಡೆಸಿದ ಪರಿಶೀಲನೆ, ಲಾಭ ನಿಜ, ಆದರೆ ಅಲ್ಪ ಎಂಬ ನಿರ್ಣಯಕ್ಕೆ ಬಂತು. ಆದ್ದರಿಂದ ಬರಹವನ್ನು ಸರ್ವರೋಗಗಳ ಮದ್ದೆಂದು ಹೊಗಳುವುದು ಬೇಡ. ರಕ್ತದೊತ್ತಡದ ಗುಳಿಗೆಯನ್ನು ಬಿಟ್ಟು ದಿನಚರಿ ಹಿಡಿಯುವುದಂತೂ ಸರ್ವಥಾ ಬೇಡ. ತೀರ ಹಸಿಯಾದ ದುಃಖವನ್ನು ಬರೆಯುವಾಗ ಸಂಕಟ ಹೆಚ್ಚಾದರೆ ಅಲ್ಲಿಗೆ ನಿಲ್ಲಿಸಿ, ಹಗುರವಾದ ವಿಷಯವನ್ನು ಎತ್ತಿಕೊಳ್ಳುವುದು ಲೇಸು.

ಬರೆಯಲಾಗದಿರುವುದು ಕೆಲವೊಮ್ಮೆ ಬೇರೊಂದು ಕಾಯಿಲೆಯ ಲಕ್ಷಣವೂ ಆಗಿರಬಹುದು. ಬರಹವೊಂದೇ ಅಲ್ಲದೆ ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ನಿದ್ರೆ ಹಸಿವುಗಳು ಕೆಡುವುದು, ನಿರಾಶೆ ಎರಡು ವಾರಕ್ಕೂ ಮಿಕ್ಕಿ ಬಿಡದಿರುವುದು, ಇವು ಖಿನ್ನತೆಯ ಚಿಹ್ನೆಗಳಾಗಿರಬಹುದು. ಆಗ ವೈದ್ಯರನ್ನು ಕಾಣಬೇಕು. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ "ಟೆಲಿ ಮಾನಸ್" ಸೇವೆಗೆ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಬಹುದು. ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವೂ ಅಲ್ಲಿದೆ. ಮನಸ್ಸಿನಂತೆ ದೇಹದ ಕಡೆಗೂ ಲಕ್ಷ್ಯವಿರಲಿ. ನಲವತ್ತು ದಾಟಿದವರು ಚಾಳೀಸಿನ ಕನ್ನಡಕವನ್ನು ಸಕಾಲಕ್ಕೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕಣ್ಣಿನ ಆಯಾಸವನ್ನೇ ಮನಸ್ಸಿನ ಜಡತೆಯೆಂದು ತಪ್ಪಾಗಿ ಭಾವಿಸುವವರುಂಟು. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬೀಳಬೇಕು. ಬೇರೆ ಕೆಲಸಗಳೆಲ್ಲ ಸರಿಯಾಗಿ ನಡೆದು, ಲೇಖನಿ ಹಿಡಿದಾಗ ಮಾತ್ರ ಬೆರಳುಗಳು ಸೆಡೆತುಕೊಂಡರೆ ಅದು ನರಗಳಿಗೆ ಸಂಬಂಧಿಸಿದ ತೊಂದರೆಯಾಗಿರಬಹುದು. ತಜ್ಞರ ಸಲಹೆ ಪಡೆಯಬೇಕು.

ಉಭಯಕುಶಲೋಪರಿ

ಡೊಂಬಿವಲಿಯ ಆ ಹಿರಿಯರು "ನಮ್ಮ ಊರು" ಎಂಬ ಗ್ರಂಥವನ್ನು ಬರೆಯುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಬಹುದು. ನಾಳೆ ಬೆಳಿಗ್ಗೆ ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿ, ಶ್ರೀಕಾರದ ಕೆಳಗೆ ಮೊಮ್ಮಗಳ ಹೆಸರು ಬರೆದು, "ಚಿರಂಜೀವಿಗೆ ಅಜ್ಜ ಮಾಡುವ ಆಶೀರ್ವಾದಗಳು, ಉಭಯಕುಶಲೋಪರಿ" ಎಂದು ಆರಂಭಿಸಿದರೆ ಸಾಕು. ಮೊದಲ ದಿನ ತೋಟದ ಐದು ಹೆಸರುಗಳು. ಎರಡನೆಯ ದಿನ ಅವುಗಳಲ್ಲಿ ಒಂದಕ್ಕೆ ಆ ಹೆಸರು ಬಂದ ಬಗೆ. ಮೂರನೆಯ ದಿನ ಮನೆಯಿಂದ ಶಾಲೆಗೆ ಹೋಗುತ್ತಿದ್ದ ಕಾಲುದಾರಿ. ಹೀಗೆ ದಿನಕ್ಕೆ ಅರ್ಧ ಪುಟ ಬರೆದರೂ ಮುಂದಿನ ರಾಜ್ಯೋತ್ಸವದ ವೇಳೆಗೆ ನೂರೈವತ್ತು ಪುಟ ಮೀರುತ್ತದೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ರಾಶಿ.

ಮೊಮ್ಮಗಳು ಅದನ್ನು ಓದಲಾರಳಲ್ಲ ಎಂಬ ಆಕ್ಷೇಪ ಏಳಬಹುದು. ಇಂದು ಓದಲಾರಳು, ನಿಜ. ಆದರೆ ಅಜ್ಜ ಓದಿ ಹೇಳಬಹುದು; ಒಂದು ಕಾಲದಲ್ಲಿ ಅವರ ಕಾಗದಗಳನ್ನು ತಂಗಿ ತಾಯಿಗೆ ಓದಿ ಹೇಳುತ್ತಿದ್ದಂತೆಯೇ. ತನ್ನ ಹೆಸರಿನಲ್ಲಿ ಬರೆದ ಕಾಗದಗಳ ಕಟ್ಟೊಂದು ಮನೆಯಲ್ಲಿದೆಯೆಂದು ತಿಳಿದ ಮಗುವಿಗೆ ಅಕ್ಷರ ಕಲಿಯಲು ಒಂದು ಕಾರಣ ದೊರೆತಂತಾಗುತ್ತದೆ. ಬರೆಯದೆ ಬಿಟ್ಟರೆ ಕಲಿತ ಮೇಲೂ ಅವಳಿಗೆ ಓದಲು ಏನೂ ಇರುವುದಿಲ್ಲ.

ಮುಳುಗಿದ ಊರಿನ ಹೆಸರುಗಳು ಈಗ ಒಬ್ಬರ ನೆನಪಿನಲ್ಲಿ ಮಾತ್ರ ಉಳಿದಿವೆ. ಅವು ಕಾಗದಕ್ಕೆ ಇಳಿಯಲು ಮಹಾಪ್ರತಿಭೆಯೇನೂ ಬೇಕಿಲ್ಲ. ದಿನಕ್ಕೆ ಹತ್ತು ನಿಮಿಷ, ಒಂದು ನೋಟುಪುಸ್ತಕ, ಕೇಳುವವರೊಬ್ಬರು, ಇಷ್ಟು ಸಾಕು. ಹೊರನಾಡಿನ ಪ್ರತಿಯೊಂದು ಕನ್ನಡ ಮನೆಯಲ್ಲಿಯೂ ಇಂಥದೊಂದು ಊರಿದೆ, ಅದನ್ನು ಬಲ್ಲವರೊಬ್ಬರಿದ್ದಾರೆ. ಅವರು ಬರೆಯತೊಡಗಲಿ, ತಪ್ಪುಗಳನ್ನು ಆಮೇಲೆ ತಿದ್ದಿಕೊಳ್ಳೋಣ.